ಬೆನ್ನು ಕೊಟ್ಟು ನಿಂತ ಇಪ್ಪತ್ತೆರಡು ವರ್ಷ

ನನ್ನ ದನಿಯ ಬಗ್ಗೆ ನನಗೆ ಜಂಬ ಇತ್ತು. ಮುಚ್ಚುಮರೆ ಯಾಕೆ, ಇತ್ತು. ಹಂಪಿಯಲ್ಲಿ ಗೈಡ್ ಕೆಲಸಕ್ಕೆ ನಿಂತು ಇಪ್ಪತ್ತೆರಡು ವರ್ಷ. ಒಂದು ದಿನವೂ ಕೈಯಲ್ಲಿ ಮೈಕು ಹಿಡಿದವನಲ್ಲ. ಶಾಲೆಯ ಪ್ರವಾಸ ಬಂದು ಬಸ್ಸಿನ ತುಂಬ ಮಕ್ಕಳು ಗಲಾಟೆ ಮಾಡುತ್ತಿದ್ದರೂ ನಾನು ಒಂದು ಸಲ "ಇಲ್ಲಿ ನೋಡ್ರೀ" ಎಂದರೆ ಕೊನೆಯ ಸಾಲಿನ ಮಗುವೂ ತಿರುಗುತ್ತಿತ್ತು. ಈಚೆಗೆ ಬಂದ ಗೈಡುಗಳು ಸೊಂಟಕ್ಕೆ ಸ್ಪೀಕರ್ ಕಟ್ಟಿಕೊಂಡು, ಬಾಯಿ ಮುಂದೆ ಒಂದು ತಂತಿ ಬಗ್ಗಿಸಿಕೊಂಡು ಬರುವುದನ್ನು ನೋಡಿ ಹೊಟ್ಟೆ ತುಂಬ ನಕ್ಕಿದ್ದೇನೆ. "ಲೇ, ಚಾರ್ಜ್ ಹೋದ್ರ ಏನ್ ಮಾಡ್ತೀರಲೇ?" ಎಂದು ಛೇಡಿಸಿದ್ದೇನೆ. ನನ್ನ ಚಾರ್ಜೂ ಹೋಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ದನಿಗಿಂತ ಮೊದಲು ಹೋದದ್ದು ಬೇರೆ ಏನೋ. ಬೆಳಿಗ್ಗೆ ಕಮಲಾಪುರದ ಮನೆಯಿಂದ ಗಾಡಿ ತೆಗೆಯುವಾಗಲೇ ಮೈ ಭಾರ. ಜ್ವರ ಇಲ್ಲ, ನೋವಿಲ್ಲ, ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಆದರೂ ಯಾವುದೂ ಬೇಕೆನಿಸುತ್ತಿರಲಿಲ್ಲ. ಜನರ ಮುಂದೆ ನಿಂತರೆ ಬಾಯಿ ತನ್ನ ಪಾಡಿಗೆ ತಾನು ಹೇಳಿಕೊಂಡು ಹೋಗುತ್ತಿತ್ತು: ರಾಜರು, ಇಸವಿಗಳು, ಆನೆ, ಕುದುರೆ, ಮುತ್ತು ರತ್ನ. ಒಳಗಡೆ ನಾನು ಸಂಜೆ ಮನೆಗೆ ಮೆಂತ್ಯಸೊಪ್ಪು ಒಯ್ಯಬೇಕೋ ಪುಂಡಿಸೊಪ್ಪು ಒಯ್ಯಬೇಕೋ ಎಂದು ಯೋಚಿಸುತ್ತಿದ್ದೆ. ಜನ ನಗಬೇಕಾದ ಜಾಗದಲ್ಲಿ ನಗುತ್ತಿದ್ದರು. ಆ ಜಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಎಲ್ಲರೂ ನಕ್ಕಿದ್ದಾರೆ. ನನಗೆ ಮಾತ್ರ ನಗು ಬಂದು ಎಷ್ಟು ವರ್ಷವಾಗಿತ್ತೋ ನೆನಪಿರಲಿಲ್ಲ.

ನನಗೆ ಈ ಕೆಲಸ ಕಲಿಸಿದ ಹಿರಿಯ ಗೈಡ್ ಒಬ್ಬರಿದ್ದರು. ಅವರ ಮೊದಲ ಪಾಠವೇ ಇದು: "ಗೈಡ್ ಆದಾಂವ ಕಲ್ಲಿಗೆ ಬೆನ್ನು ಕೊಡಬೇಕು, ಜನಕ್ಕ ಮುಖ ಕೊಡಬೇಕು. ನೀನ ಕಲ್ಲು ನೋಡ್ಕೋತ ನಿಂತ್ರ ಜನ ನಿನ್ನ ಬೆನ್ನು ನೋಡಬೇಕೇನಲೇ?" ಸರಿಯಾದ ಮಾತೇ. ಅಂದಿನಿಂದ ನಾನು ಹಾಗೆಯೇ ನಿಂತೆ. ಬೆನ್ನ ಹಿಂದೆ ಕೈ ಮಾಡಿ ತೋರಿಸುವುದು ಎಷ್ಟು ರೂಢಿಯಾಯಿತೆಂದರೆ, ತಿರುಗಿ ನೋಡದೆಯೇ ಯಾವ ಕಂಬದ ಯಾವ ಮೂಲೆಗೆ ನನ್ನ ಬೆರಳು ಹೋಗುತ್ತದೆ ಎಂದು ಗೊತ್ತಿತ್ತು. ಬಂದವರು ಅದನ್ನು ನೋಡಿ ಬೆರಗಾಗುತ್ತಿದ್ದರು. ನಾನೂ ಬೀಗುತ್ತಿದ್ದೆ.

ಕಮಲಾಪುರದಿಂದ ಆಚೆ, ಬಾಳೆ ತೋಟಗಳ ನಡುವೆ ಒಂದು ಮುರುಕು ಮಂಟಪವಿದೆ. ಅದಕ್ಕೆ ಹೆಸರೂ ಇಲ್ಲ, ಬೋರ್ಡೂ ಇಲ್ಲ. ಬೇರೆ ಗೈಡುಗಳು ಅಲ್ಲಿಗೆ ಹೋಗುವುದಿಲ್ಲ. ಸಮಯವಿದ್ದ ಜನರನ್ನು ನಾನು ಕೊನೆಗೆ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಅದು ನನ್ನ ಸ್ಪೆಷಲ್. ಅಲ್ಲಿನ ಒಂದು ಕಂಬದ ಮೇಲೆ ಮೊಣಕೈ ಉದ್ದದ ಹೆಣ್ಣು ಶಿಲ್ಪವಿದೆ. ಎರಡು ಕೈಯಲ್ಲಿ ಏನೋ ಅಗಲವಾದದ್ದನ್ನು ಹಿಡಿದಿದ್ದಾಳೆ, ಅದರ ಮುಂದಿನ ಅಂಚು ಒಡೆದುಹೋಗಿದೆ. ಹಿರಿಯರು ನನಗೆ ಹೇಳಿಕೊಟ್ಟದ್ದು "ದರ್ಪಣ ಸುಂದರಿ" ಎಂದು. ನಾನು ಅದಕ್ಕೆ ಒಗ್ಗರಣೆ ಹಾಕಿದ್ದೆ: "ನೋಡ್ರೀ, ಆ ಕಾಲದಾಗೂ ಹೆಣ್ಮಕ್ಳು ಕನ್ನಡಿ ಮುಂದ ನಿಂತ್ರಂದ್ರ ಗಂಡ ಹೊರಗ ಕಾಯ್ಕೋತ ಕಲ್ಲಾಗ್ತಿದ್ದ!" ಗಂಡಸರು ಹೋ ಎಂದು ನಗುತ್ತಿದ್ದರು, ಹೆಂಗಸರು ಗಂಡನ ತೋಳು ಚಿವುಟುತ್ತಿದ್ದರು.

ದೀಪಾವಳಿ ಮುಗಿದು ಸೀಸನ್ ಶುರುವಾದ ಹೊತ್ತು. ದಾವಣಗೆರೆ ಕಡೆಯ ಗಂಡಹೆಂಡತಿ ಬಂದಿದ್ದರು, ಇಬ್ಬರೂ ನಿವೃತ್ತರು. ಆ ಮಂಟಪದಲ್ಲಿ ನಾನು ಕಂಬಕ್ಕೆ ಬೆನ್ನು ಕೊಟ್ಟು, ಎಂದಿನ ಹಾಗೆ "ನೋಡ್ರೀ" ಎಂದು ಎತ್ತಿದ ದನಿಯಲ್ಲಿ ಶುರು ಮಾಡಿದೆ. ಆ ಯಜಮಾನರು ನನ್ನ ಹೆಗಲ ಮೇಲಿಂದ ಕಂಬವನ್ನು ನೋಡುತ್ತ, ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದರು: "ಸ್ವಲ್ಪ ಸುಮ್ನಿರ್ರಿ ಸರ. ನಾನು ನೋಡ್ತೀನಿ."

ಅವರು ಬೈದಿದ್ದರೆ ಪರವಾಗಿರಲಿಲ್ಲ. ಬೈದರೆ ತಿರುಗಿ ಬೈಯಬಹುದು. ಗೈಡಿಗೆ ಸುಮ್ಮನಿರು ಎಂದರೆ ಅಡುಗೆಯವನಿಗೆ ಒಲೆ ಆರಿಸು ಎಂದ ಹಾಗೆ. ನಾನು ಪಕ್ಕಕ್ಕೆ ಸರಿದು ಫೋನ್ ತೆಗೆದು ನೋಡುತ್ತ ನಿಂತೆ. ಒಳಗೆ ಕುದಿಯುತ್ತಿದ್ದೆ. ಮಧ್ಯಾಹ್ನ ಬಂದ ಇನ್ನೊಂದು ಗುಂಪಿನ ಮೇಲೆ ಆ ಸಿಟ್ಟನ್ನೆಲ್ಲ ತೀರಿಸಿಕೊಂಡೆ. ಬೇಕೆಂದೇ ಗಂಟಲು ಹರಿಯುವಷ್ಟು ಕೂಗಿದೆ. ಮರುದಿನ ದನಿ ಒಡೆಯಿತು. ಮೂರನೆಯ ದಿನ ಬಾಯಿ ತೆರೆದರೆ ಗಾಳಿ ಮಾತ್ರ ಬಂತು.

ಹೊಸಪೇಟೆಯಲ್ಲಿ ಕಿವಿ-ಮೂಗು-ಗಂಟಲು ನೋಡುವ ಡಾಕ್ಟರಮ್ಮ ಗಂಟಲೊಳಗೆ ಪೈಪು ಬಿಟ್ಟು ನೋಡಿ, ದನಿಯ ತಂತುಗಳ ಮೇಲೆ ಗಂಟು ಕಟ್ಟಿದೆ ಎಂದರು. "ನಾಕು ವಾರ ಮಾತು ಬಂದ್. ಪಿಸುಮಾತೂ ಬ್ಯಾಡ್ರಿ, ಅದು ಇನ್ನೂ ಕೆಟ್ಟದ್ದು. ಸುಮ್ನಿದ್ರ ಕರಗಬಹುದು, ಇಲ್ಲಾಂದ್ರ ಆಪರೇಷನ್." ನಾನು ಕೈಸನ್ನೆಯಲ್ಲಿ, ಆಮೇಲೆ ಮೊದಲಿನ ಹಾಗೆ ಕೂಗಬಹುದಾ ಎಂದು ಕೇಳಿದೆ. ಆಕೆ ಇಲ್ಲವೆಂದು ತಲೆಯಾಡಿಸಿದರು. "ಆ ದನಿ ಮರೀರಿ. ಮೆಲ್ಲಕ ಮಾತಾಡೋ ದನಿ ಉಳಿದ್ರ ಅದೇ ಪುಣ್ಯ."

ಮನೆಗೆ ಬಂದು ಮೂಲೆಯಲ್ಲಿ ಕುಳಿತೆ. ನನ್ನ ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಂದ ಒಂದು ಸ್ಲೇಟು, ಬಳಪದ ಪೆಟ್ಟಿಗೆ ತಂದು ನನ್ನ ಮುಂದಿಟ್ಟಳು. "ಮದಿವ್ಯಾಗಿ ಹದಿನೆಂಟು ವರ್ಷಕ್ಕ ನನಗೂ ಮಾತಾಡೋ ಪಾಳಿ ಬಂತು ನೋಡ್ರಿ" ಎಂದು ನಕ್ಕಳು. ನಾನು ಸ್ಲೇಟಿನ ಮೇಲೆ "ಸಾಕು" ಎಂದು ಬರೆದೆ. "ಬರೀರಿ, ಬರೀರಿ, ಅಕ್ಷರ ದುಂಡಗ ಬರೀರಿ" ಎಂದಳು. ಆ ನಗುವಿನ ಹಿಂದೆ ಆಕೆಗೂ ಹೆದರಿಕೆಯಿತ್ತು. ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಸುದ್ದಿ ಕೇಳಿ ಸಂಡೂರಿನ ದೋಣಿಮಲೈಯಿಂದ ಭಾವ ಫೋನ್ ಮಾಡಿದರು. ಅಕ್ಕನ ಗಂಡ, ಅಲ್ಲಿನ ಗಣಿಯ ಕ್ವಾರ್ಟರ್ಸ್‌ನಲ್ಲಿ ಇರುವವರು. ಗುತ್ತಿಗೆದಾರರೊಬ್ಬರ ಸ್ಟೋರಿನಲ್ಲಿ ಸಾಮಾನು ಕೊಡುವ, ಬರೆದುಕೊಳ್ಳುವ ಕೆಲಸ ಖಾಲಿ ಇದೆ, ಬಂದು ನೋಡು ಎಂದರು. ಹೋದೆ. ಅದಿರಿನ ಕೆಂಪು ಧೂಳು ರಸ್ತೆಯ ಗಿಡಗಳ ಮೇಲೆ, ಬಸ್ಸಿನ ಗಾಜಿನ ಮೇಲೆ, ನನ್ನ ನಾಲಿಗೆಯ ಮೇಲೂ ಕುಳಿತಿತ್ತು. ಸ್ಟೋರಿನ ಕಬ್ಬಿಣದ ಕಪಾಟುಗಳ ನಡುವೆ ಒಂದು ಕುರ್ಚಿ ತೋರಿಸಿ ಭಾವ ಹೇಳಿದರು: "ಇಲ್ಲಿ ಮಾತೇ ಬ್ಯಾಡ. ಚೀಟಿ ತರ್ತಾರ, ನಟ್ಟು ಬೋಲ್ಟು ಕೊಡ್ತಿ, ಸಹಿ ಹಾಕಿಸ್ಕೊಂತಿ. ನಿನಗ ಹೇಳಿ ಮಾಡಿಸ್ದಂಗ ಐತಿ. ಈ ತಿಂಗಳ ಕೊನಿಗೆ ಹೇಳಿಬಿಡು." ಅವರು ಒಳ್ಳೆಯದಕ್ಕೇ ಹೇಳಿದ್ದು. ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ಅಳು ಬಂತು. ಹಂಪಿ ಬಿಟ್ಟು ಆ ಕುರ್ಚಿಯಲ್ಲಿ ಕೂರುವ ನನ್ನನ್ನು ನಾನು ನೆನೆಸಿಕೊಳ್ಳಲಾರದೆ ಹೋದೆ. ಅದಕ್ಕಿಂತ ಹೆದರಿಕೆಯಾದದ್ದು ಇನ್ನೊಂದು: ಬಿಡಬೇಕಾದದ್ದು ಏನು ಎಂದು ಹುಡುಕಿದರೆ, ನನ್ನ ದನಿ ಬಿಟ್ಟು ಹಂಪಿಯ ಒಂದು ಚಿತ್ರವೂ ಕಣ್ಣ ಮುಂದೆ ಬರಲಿಲ್ಲ.

ಮನೆಯಲ್ಲಿ ಮುಖ ಊದಿಸಿಕೊಂಡು ಕೂತವನನ್ನು ಹೆಂಡತಿ ಎಷ್ಟು ದಿನ ಸಹಿಸಿಯಾಳು? ಒಂದು ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ ಮೆಟ್ರಿಯ ತವರಿನಲ್ಲಿ ಬಿಟ್ಟುಬಂದಳು. ಅಲ್ಲಿ ಇದ್ದವರು ನಮ್ಮತ್ತೆ. ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ ಕೇರುವ, ನುಚ್ಚು ಬೇರೆ ಮಾಡುವ ಕೆಲಸ. ನಲವತ್ತು ವರ್ಷದಿಂದ ಮೊರ ಹಿಡಿದ ಕೈ. ಮಿಲ್ಲಿನ ಸದ್ದು ಅವರ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಮುಂದೆ ಕೂತು ಹರಟುವ ರೂಢಿಯಿಲ್ಲ. ನಾನು ಹೋದರೆ ಸೆರಗು ಮುಂದಕ್ಕೆ ಎಳೆದುಕೊಂಡು ಬಾಗಿಲ ಮರೆಯಿಂದ "ಬರ್ರಿ, ಕುಂದ್ರಿ, ನೀರು ಕುಡೀರಿ" ಎನ್ನುತ್ತಿದ್ದರು, ಅಷ್ಟೆ. ಹದಿನೆಂಟು ವರ್ಷದಲ್ಲಿ ನಾವಿಬ್ಬರೂ ಹತ್ತು ಮಾತು ಆಡಿದ್ದರೆ ಹೆಚ್ಚು. ಈಗ ಒಬ್ಬರಿಗೆ ಕಿವಿಯಿಲ್ಲ, ಒಬ್ಬನಿಗೆ ಬಾಯಿಲ್ಲ. ಅತ್ತೆಗೆ ಓದಲು ಬಾರದು, ಸ್ಲೇಟೂ ಕೆಲಸಕ್ಕೆ ಬರಲಿಲ್ಲ.

ಎರಡು ದಿನ ನನ್ನ ಜೋತುಬಿದ್ದ ಮುಖ ನೋಡಿ, ಮೂರನೆಯ ದಿನ ಅತ್ತೆ ಕೈಸನ್ನೆ ಮಾಡಿ ನನ್ನನ್ನೂ ಟಂಟಂ ಹತ್ತಿಸಿಕೊಂಡು ಕಂಪ್ಲಿಗೆ ಹೊರಟರು. ಸುಗ್ಗಿಯ ಕಾಲ. ಮಿಲ್ಲಿನ ಅಂಗಳದಲ್ಲಿ ಭತ್ತದ ರಾಶಿಗಳು, ಸಾಲು ಟ್ರ್ಯಾಕ್ಟರುಗಳು. ಒಳಗೆ ಯಂತ್ರದ ಸದ್ದಿಗೆ ಎದೆಗೂಡೇ ನಡುಗುತ್ತಿತ್ತು. ಅಲ್ಲಿ ಎಲ್ಲರೂ ಮೂಕರೇ, ಎಲ್ಲರೂ ಕೈಯಲ್ಲೇ ಮಾತಾಡುವವರು. ನಾಕು ಬೆರಳು ಎತ್ತಿದರೆ ನಾಕು ಚೀಲ, ಅಂಗೈ ಮೊಗಚಿದರೆ ಬೆಲ್ಟು ನಿಲ್ಲಿಸು. ದನಿ ಹೋದ ಮೇಲೆ ಮೊದಲ ಸಲ ನನಗೆ ನಾಚಿಕೆಯಾಗಲಿಲ್ಲ.

ಹೊರಗೆ ರೈತರೊಬ್ಬರ ಭತ್ತ ಬಂದಿತ್ತು. ಮಿಲ್ಲಿನ ಮಾಲೀಕರು ತೇವ ಅಳೆಯುವ ಮಷೀನಿಗೆ ಒಂದು ಹಿಡಿ ಹಾಕಿ ಅಂಕಿ ನೋಡಿದರು. ನೋಡಿ, ಅತ್ತೆಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಅತ್ತೆ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಹಾಗೇ ಸ್ವಲ್ಪ ಹೊತ್ತು ನಿಂತು, ಆಳದಿಂದ ಒಂದು ಹಿಡಿ ತೆಗೆದರು. ಮೂಸಿದರು. ಒಂದು ಕಾಳಿನ ಸಿಪ್ಪೆ ಉಗುರಿನಿಂದ ಬಿಡಿಸಿ ಮುಂದಿನ ಹಲ್ಲಿನಲ್ಲಿ ಕಡಿದರು. ಆಮೇಲೆ ಅಂಗೈ ಆಡಿಸಿದರು: ಇನ್ನೊಂದು ದಿನ ಬಿಸಿಲು ಬೇಕು. ಮಾಲೀಕರು ಮಷೀನನ್ನು ಮತ್ತೆ ನೋಡಲೇ ಇಲ್ಲ. ರೈತರೂ ವಾದ ಮಾಡದೆ ತಾಡಪಾಲು ಹಾಸಲು ಹೊರಟರು. ನನ್ನ ಎದೆ ಉಬ್ಬಿತು. ಈಕೆ ನಮ್ಮತ್ತೆ ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆನಿಸಿತು, ಕೂಗುವ ಹಾಗಿರಲಿಲ್ಲ.

ಮಧ್ಯಾಹ್ನ ಬುತ್ತಿ ಉಂಡ ಮೇಲೆ ಅತ್ತೆ ನನ್ನ ಅಂಗೈ ಬಿಡಿಸಿ ಮೂರು ಚಿಟಿಕೆ ಅಕ್ಕಿ ಹಾಕಿದರು. ಒಂದು ಹೊಸದು, ಒಂದು ವರ್ಷ ಹಳೆಯದು, ಒಂದು ತೇವ ಹಿಡಿದದ್ದು. ಕಣ್ಣು ಮುಚ್ಚಿಸಿ ಯಾವುದು ಯಾವುದು ತೋರಿಸ್ರಿ ಎಂದರು. ನಾನು ಒಂದೇ ನಿಮಿಷದಲ್ಲಿ ಮೂರನ್ನೂ ತೋರಿಸಿದೆ. ಮೂರೂ ತಪ್ಪು. ಮತ್ತೆ ಮಾಡಿದೆ, ಮತ್ತೆ ತಪ್ಪು. ಆಗ ಅತ್ತೆಗೆ ಸಿಟ್ಟು ಬಂತು. ಸೆರಗು ಜಾರಿದ್ದೂ ನೋಡಲಿಲ್ಲ, ಹದಿನೆಂಟು ವರ್ಷದ ಬಹುವಚನವನ್ನೂ ಬಿಟ್ಟುಕೊಟ್ಟರು. ಕಿವಿ ಕೇಳದವರ ದೊಡ್ಡ ದನಿಯಲ್ಲಿ ಬೈದರು: "ಏ, ಯಾಕ ಹಂಗ ಜಲ್ದಿ ಮಾಡ್ತಿ? ಹೇಳಾಕ ಓಡ್ತಿ ನೀ, ತಿಳ್ಕೊಳ್ಳಾಕ ನಿಂದ್ರಂಗಿಲ್ಲ. ಬಾಯಾಗ ಹಾಕ್ಕೋ, ಕಡಿ, ಸುಮ್ಕ ಕುಂದ್ರು. ಕಾಳು ತಾನ ಹೇಳ್ತೈತಿ."

ನಾನು ಕಿವಿ ಮುಟ್ಟಿ ತೋರಿಸಿದೆ: ನಿಮಗೆ ಹೇಗೆ ಕೇಳುತ್ತದೆ?

"ಕಿವಿ ಯಾಕ ಬೇಕಪ್ಪ? ಹಲ್ಲಿಗೆ ಕೇಳ್ತೈತಿ ನನಗ."

ಕಡಿದೆ, ಸುಮ್ಮನೆ ಕೂತೆ. ಹಳೆಯ ಅಕ್ಕಿ ಹಲ್ಲಿನಲ್ಲಿ ಕಟಕ್ ಎಂದು ಎರಡು ತುಂಡಾಯಿತು. ಆ ಕಟಕ್ ದವಡೆಯಿಂದ ಕಿವಿಯ ಹಿಂದಿನ ಎಲುಬಿಗೆ ಹೋದದ್ದು ಗೊತ್ತಾಯಿತು. ಹೊಸದು ಮೆತ್ತಗೆ ಬಿರಿದು ಹಲ್ಲಿಗೆ ಅಂಟಿತು, ಹಾಲಿನಂಥ ಸಿಹಿ ಬಿಟ್ಟಿತು. ತೇವದ್ದು ಸದ್ದೇ ಮಾಡಲಿಲ್ಲ. ಮತ್ತೆ ಕಣ್ಣು ಮುಚ್ಚಿ ಬೆರಳಲ್ಲಿ ಹಿಡಿದರೆ ಹಳೆಯದು ನುಣುಪಾಗಿ ಜಾರಿತು, ಹೊಸದು ಬೆರಳಿಗೆ ಬಿಳಿ ಹಿಟ್ಟು ಹತ್ತಿಸಿತು. ಮೂರನ್ನೂ ಸರಿಯಾಗಿ ತೋರಿಸಿದೆ. ಅತ್ತೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಆಮೇಲೆ ಅಳಿಯನಿಗೆ ಗುದ್ದಿದೆನಲ್ಲ ಎಂದು ನಾಲಿಗೆ ಕಚ್ಚಿ ಸೆರಗು ಎಳೆದುಕೊಂಡರು. ನಾವಿಬ್ಬರೂ ನಕ್ಕೆವು, ನನ್ನದು ಸದ್ದಿಲ್ಲದ ನಗು, ಅವರದು ಇಡೀ ಮಿಲ್ಲಿಗೆ ಕೇಳುವ ನಗು.

ಒಂದು ವಾರ ದಿನಾ ಹೋದೆ. ಹೊಟ್ಟಿನ ವಾಸನೆ, ತೌಡಿನ ವಾಸನೆ ಬೇರೆ ಬೇರೆ ಎಂದು ಗೊತ್ತಾಯಿತು. ಬೆಲ್ಟು ಸಡಿಲವಾದರೆ ನೆಲದ ನಡುಕ ಬದಲಾಗುತ್ತದೆ ಎಂದು ಪಾದಕ್ಕೆ ಗೊತ್ತಾಯಿತು. ಸಂಜೆ ಮೆಟ್ರಿಗೆ ಬಂದು ಉಣ್ಣಲು ಕೂತರೆ ಅನ್ನ ಪುಂಡಿಪಲ್ಯ ಅಷ್ಟೇ, ಆದರೆ ಪುಂಡಿಯ ಹುಳಿ ಮೊದಲು ಕೆನ್ನೆಯ ಒಳಗೆ ಹತ್ತಿ ಆಮೇಲೆ ಗಂಟಲಿಗೆ ಇಳಿಯುವುದನ್ನು ಕಾಯುತ್ತ ತಿಂದೆ. ಎರಡು ಸಲ ನೀಡಿಸಿಕೊಂಡೆ. ಬಹಳ ದಿನಗಳ ಮೇಲೆ ಬೆಳಿಗ್ಗೆ ಏಳಬೇಕೆನಿಸಿತು.

ಕಮಲಾಪುರಕ್ಕೆ ಮರಳಿದ ಮರುದಿನ ಮುಂಜಾನೆ ನಾನು ನೆಟ್ಟಗೆ ಆ ಮುರುಕು ಮಂಟಪಕ್ಕೆ ಹೋದೆ. ಜನರಿಲ್ಲ, ಬೆನ್ನು ಕೊಡಬೇಕಾದ ಕಾರಣವಿಲ್ಲ. ಕಂಬಕ್ಕೆ ಮುಖ ಮಾಡಿ ನೆಲದ ಮೇಲೆ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. ಕಾಲುವೆಯ ನೀರಿನ ಸದ್ದು ಅಷ್ಟು ಹತ್ತಿರ ಇದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ದನಿ ಅದನ್ನು ಯಾವತ್ತೂ ಕೇಳಿಸಗೊಟ್ಟಿರಲಿಲ್ಲ. ಬಾಳೆ ಎಲೆಯಿಂದ ಇಬ್ಬನಿ ಕೆಳಗಿನ ಎಲೆಗೆ ಬೀಳುವ ಸದ್ದು, ದೂರದ ಆಲೆಮನೆಯ ಕಬ್ಬಿನಹಾಲು ಕುದಿಯುವ ವಾಸನೆ. ಬಿಸಿಲು ಏರಿದಂತೆ ನಾನು ಕೂತ ಕಲ್ಲು ಅಂಚಿನಿಂದ ಒಳಕ್ಕೆ ಬೆಚ್ಚಗಾಗುತ್ತ ಬಂತು. ಇಷ್ಟನ್ನು ಬಿಟ್ಟು ನಾನು ಜನರಿಗೆ ಏನು ತೋರಿಸುತ್ತಿದ್ದೆ ಮಾರಾಯರೇ!

ಆಮೇಲೆ ಆ ಹೆಣ್ಣನ್ನು ನೋಡಿದೆ. ಕಾಳು ಕಡಿದ ಹಾಗೆ, ಅವಸರವಿಲ್ಲದೆ ನೋಡಿದೆ. ನನ್ನ ದರ್ಪಣ ಸುಂದರಿ ಕನ್ನಡಿ ನೋಡುತ್ತಿರಲಿಲ್ಲ! ಮುಖವನ್ನು ಪಕ್ಕಕ್ಕೆ ತಿರುಗಿಸಿದ್ದಳು, ಕಣ್ಣುಗಳು ಅರ್ಧ ಮುಚ್ಚಿದ್ದವು. ಕನ್ನಡಿ ಹಿಡಿದವಳು ಯಾರಾದರೂ ಕನ್ನಡಿ ಬಿಟ್ಟು ಪಕ್ಕಕ್ಕೆ ನೋಡುತ್ತಾಳೆಯೇ? ಅಯ್ಯೋ ನನ್ನ ಬುದ್ಧಿಗೆ! ಸಾವಿರಾರು ಜನರನ್ನು ನಗಿಸಿದ ನನ್ನ ಜೋಕು ಅಲ್ಲೇ ಸತ್ತುಬಿತ್ತು. ಆದರೆ ಆಕೆ ಹಿಡಿದದ್ದು ಕನ್ನಡಿಯಲ್ಲದಿದ್ದರೆ ಮತ್ತೇನು? ಮೂರು ಮುಂಜಾನೆ ಕೂತರೂ ತಿಳಿಯಲಿಲ್ಲ. ಸ್ಲೇಟಿನ ಮೇಲೆ ಹತ್ತು ಸಲ ಬರೆದು ಒರೆಸಿದೆ.

ಆ ವಾರ ಅತ್ತೆ ಮಗಳ ಮನೆಗೆ ಬಂದರು. ಹೆಂಡತಿ ಹೇಳಿದಳು: "ನಮ್ಮವ್ವಗ ಹಂಪಿ ತೋರಿಸ್ರಿ. ಇಷ್ಟು ವರ್ಷ ಕರದ್ರ 'ಕೇಳಂಗಿಲ್ಲ, ಬಂದು ಏನ್ ಮಾಡ್ಲಿ' ಅಂತಿದ್ಲು. ಈಗ ಆಕಿಗೆ ಕೇಳಂಗಿಲ್ಲ, ನಿಮಗ ಹೇಳಾಕ ಬರಂಗಿಲ್ಲ. ಮಸ್ತ್ ಜೋಡಿ!" ನನ್ನ ಗಂಟಲಿಗೆ ಇನ್ನೂ ಐದು ದಿನದ ಬಂದ್ ಬಾಕಿಯಿತ್ತು. ಅತ್ತೆಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮೊದಲು ಆ ಮಂಟಪಕ್ಕೇ ಹೋದೆ. ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಲಿಲ್ಲ. ಅವರ ಪಕ್ಕದಲ್ಲಿ, ಅವರು ನೋಡುವ ಕಡೆಗೇ ಮುಖ ಮಾಡಿ ನಿಂತೆ.

ಅತ್ತೆ ಒಂದು ಕಂಬ ನೋಡಿದರು, ಎರಡು ನೋಡಿದರು. ಮೂರನೆಯದರ ಮುಂದೆ ನಿಂತವರು ಕದಲಲಿಲ್ಲ. ಬಾಗಿ ಶಿಲ್ಪದ ಕೈಗಳನ್ನು ನೋಡಿದರು, ಕುತ್ತಿಗೆ ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಗಾಳಿಯಲ್ಲಿ ಮುಂದೆ ಮಾಡಿ ಹಿಡಿದರು, ನಾಕು ಬೆರಳು ಕೆಳಗೆ, ಹೆಬ್ಬೆರಳು ಮೇಲೆ. ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣು ಕಿರಿದು ಮಾಡಿದರು. ಕಂಬದ ಮೇಲಿನ ಹೆಣ್ಣು, ಕಂಬದ ಮುಂದಿನ ಹೆಣ್ಣು, ಇಬ್ಬರೂ ಒಂದೇ ಭಂಗಿಯಲ್ಲಿ ನಿಂತಿದ್ದರು.

"ಇಕಿ ಕೇರಾಕತ್ಯಾಳ!" ಎಂದು ಅತ್ತೆ ಕೂಗಿದರು. "ಮೊರ ನೋಡಪ ಇದು! ಮುಂದಿನ ಬಾಯಿ ಒಡದೈತಿ. ಹೆಬ್ಬಟ್ಟು ನೋಡು, ಮ್ಯಾಲೈತಿ. ಮೊರ ಬಿಟ್ರ ಹಿಂಗ ಏನ್ ಹಿಡೀತಾರ? ಹೊಟ್ಟು ಕಣ್ಣಾಗ ಬೀಳತೈತಂತ ಮಕ ತಿರುಗಿಸ್ಯಾಳ. ಇಲ್ನೋಡು, ಸೆರಗು ಆ ಕಡಿ ಹಾರೇತಿ. ಗಾಳಿ ಎಡಕಿನಿಂದ ಐತಿ. ಗಾಳಿ ನೋಡಿ ನಿಂತಾಳ, ಶಾಣ್ಯಾಕಿ!"

ಸೆರಗು! ಆ ಸೆರಗನ್ನು ನಾನು ನೋಡಿಯೇ ಇರಲಿಲ್ಲ. ನೋಡಿದೆ, ಕಲ್ಲಿನ ಸೆರಗು ಬಲಕ್ಕೆ ಹಾರಿತ್ತು. ನಾನು ಮೂರು ಮುಂಜಾನೆ ಕೂತರೂ ಬಿಡಿಸಲಾಗದ ಪ್ರಶ್ನೆಗೆ ನಲವತ್ತು ವರ್ಷ ದುಡಿದ ಎರಡು ಕೈಗಳು ಉತ್ತರ ಕೊಟ್ಟಿದ್ದವು. ನನಗೆ ತಡೆಯಲಾಗಲಿಲ್ಲ. ನಕ್ಕುಬಿಟ್ಟೆ, ಸದ್ದು ಮಾಡಿಯೇ ನಕ್ಕೆ. ಒಡಕು ಸದ್ದು, ಆದರೂ ಸದ್ದು. ಡಾಕ್ಟರಮ್ಮನ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಅತ್ತೆಗೆ ಆ ನಗು ಕೇಳಿಸಲಿಲ್ಲ, ನನ್ನ ಹೊಟ್ಟೆ ಕುಣಿಯುವುದು ಕಾಣಿಸಿತು. "ಯಾಕ, ನಾ ಸುಳ್ಳು ಹೇಳಾಕತ್ತೀನೇನು?" ಎಂದು ಜಗಳಕ್ಕೇ ಬಂದರು. ನಾನು ಕೈ ಮುಗಿದೆ.

ಯಾವುದಾದರೂ ಪಂಡಿತರು ಬಂದು ಅದು ಮೊರವಲ್ಲ ಎಂದರೆ ಅನ್ನಲಿ. ಮೊದಲು ಒಂದು ಮೊರ ಹಿಡಿದು ಒಂದು ಸೇರು ಭತ್ತ ಕೇರಿ ತೋರಿಸಿ, ಆಮೇಲೆ ಮಾತಾಡೋಣ ಎನ್ನುತ್ತೇನೆ.

ಅವತ್ತು ಸಂಜೆಯೇ ಭಾವನಿಗೆ ಮೆಸೇಜ್ ಹಾಕಿದೆ: "ಬರಂಗಿಲ್ಲ ಭಾವ. ಹಂಪಿ ನೋಡೋದು ಬಾಕಿ ಐತಿ." ಭಾವ ಫೋನ್ ಮಾಡಿ ಹೆಂಡತಿಯ ಹತ್ತಿರ ಕೂಗಾಡಿದರು, "ದನಿ ಇಲ್ದಾಂವ ಗೈಡ್ ಕೆಲಸ ಹೆಂಗ ಮಾಡ್ತಾನವ್ವಾ?" ಎಂದು. ಅವರ ಪ್ರಶ್ನೆ ಸುಳ್ಳೇನಲ್ಲ.

ನಾಕು ವಾರ ತುಂಬಿತು. ಆಪರೇಷನ್ ಬೇಡ ಎಂದರು ಡಾಕ್ಟರಮ್ಮ. ಗಂಟಲಿನಿಂದ ಬಂದ ದನಿ ಮಾತ್ರ ಯಾರದೋ ಅನ್ನಿಸಿತು. ತೆಳ್ಳಗೆ, ತಗ್ಗಿನಲ್ಲಿ, ನಾಕು ಹೆಜ್ಜೆ ಆಚೆ ಹೋದರೆ ಕೇಳದು. ಸಂಕ್ರಾಂತಿಯ ಮುಂದೆ ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಕುಟುಂಬ ಸಿಕ್ಕಿತು, ಹದಿನಾಲ್ಕು ಜನ. ಬೆಳಿಗ್ಗೆ ಹೆಂಡತಿ ಏನೂ ಹೇಳದೆ ನನ್ನ ಅಂಗಿಗೆ ಎರಡು ಸಲ ಇಸ್ತ್ರಿ ತಿಕ್ಕಿದಳು. ಮೊದಲ ದೇಗುಲದಲ್ಲಿ ಬಾಯಿ ತೆರೆದೆ. ಹಿಂದೆ ನಿಂತವರಿಗೆ ಕೇಳಲಿಲ್ಲ. ಒಬ್ಬರು "ಜೋರಾಗಿ ಹೇಳ್ರಿ!" ಎಂದು ಕೂಗಿದರು. ಕುರ್ಚಿ ನೆನಪಾಯಿತು, ಕೆಂಪು ಧೂಳು ನೆನಪಾಯಿತು. ಕಿವಿಯಲ್ಲಿ ಅತ್ತೆಯ ಬೈಗುಳ ಕೇಳಿದ ಹಾಗಾಯಿತು: ಹೇಳಾಕ ಓಡ್ತಿ ನೀ.

"ಜೋರು ಬರಂಗಿಲ್ರಿ ನನಗ," ಎಂದೆ. "ಹತ್ರ ಬರ್ರಿ. ಮೊದ್ಲು ಒಂದೀಟು ಸುಮ್ಕ ನಿಂದ್ರೋಣು. ಏನೇನು ಕೇಳ್ತೈತಿ ನೋಡ್ರಿ, ಆಮ್ಯಾಲೆ ನಾ ಹೇಳ್ತೀನಿ." ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹತ್ತಿರ ಬಂದರು. ನಿಂತರು. ಪಾರಿವಾಳದ ರೆಕ್ಕೆ ಕೇಳಿತು, ಯಾರದೋ ಕಾಲ್ಗೆಜ್ಜೆ ಒಳ ಅಂಕಣದಲ್ಲಿ ಮಾರ್ದನಿಸಿತು. ನಾನು ಹೇಳುತ್ತ ಹೋದೆ, ಅವರ ನಡುವೆ ನಿಂತು, ಅವರ ಜೊತೆ ಕಲ್ಲಿನ ಕಡೆ ನೋಡುತ್ತ. ಇಸವಿಗಳು ಎರಡು ತಪ್ಪಿದವು, ಯಾರೂ ಕೇಳಲಿಲ್ಲ. "ಜೋರಾಗಿ ಹೇಳ್ರಿ" ಎಂದಿದ್ದವರೇ ನನ್ನ ಭುಜಕ್ಕೆ ಭುಜ ತಾಗಿಸಿ ನಡೆಯುತ್ತಿದ್ದರು. ಮುಂದಿನ ವಾರ ಬೀಗರು ಬರುತ್ತಾರೆ, ನಿಮ್ಮ ನಂಬರ್ ಕೊಡ್ರಿ ಎಂದು ದಾರಿಯಲ್ಲೇ ಬರೆದುಕೊಂಡರು.

ಕೊನೆಗೆ ಮುರುಕು ಮಂಟಪಕ್ಕೆ ಬಂದೆವು. ಅತ್ತೆ ಹಬ್ಬಕ್ಕೆಂದು ಬಂದವರು, ನನಗೆ ಬುತ್ತಿ ತಂದು ಬೇವಿನ ಮರದಡಿಯ ಕಲ್ಲಿನ ಮೇಲೆ ಕೂತಿದ್ದರು. ನಾನು ಕಂಬದ ಹೆಣ್ಣನ್ನು ತೋರಿಸಿ, ಇಷ್ಟು ವರ್ಷ ಈಕೆಯನ್ನು ಕನ್ನಡಿಯವಳು ಎಂದು ತಪ್ಪು ಹೇಳಿದ್ದೆ, ಈಕೆ ಭತ್ತ ಕೇರುವವಳು ಎಂದೆ. ಹೆಬ್ಬೆರಳು, ಕುತ್ತಿಗೆ, ಸೆರಗು ತೋರಿಸಿದೆ. ಅವರಲ್ಲಿ ಕಾಲೇಜಿನ ಮೇಷ್ಟರೊಬ್ಬರು ಇದ್ದರು. "ಇದು ಯಾವ ಪುಸ್ತಕದಾಗ ಐತ್ರಿ?" ಎಂದು ಕೇಳಿದರು.

"ಪುಸ್ತಕದಾಗ ಇಲ್ರಿ. ಅಲ್ಲಿ ಕುಂತಾರಲ್ಲ, ಅವರು ಹೇಳ್ಯಾರ. ನಮ್ಮತ್ತಿ. ನಲವತ್ತು ವರ್ಷ ಮೊರ ಹಿಡಿದಾರ."

ಹದಿನಾಲ್ಕು ಜನ ಒಟ್ಟಿಗೆ ಬೇವಿನ ಮರದ ಕಡೆ ತಿರುಗಿದರು. ಮೇಷ್ಟರ ತಾಯಿ ಕೈ ಎತ್ತಿ, ಗಾಳಿಯಲ್ಲಿ ಮೊರ ಹಿಡಿದು ತೋರಿಸಿ, "ಹಿಂಗೇನ್ರಿ?" ಎಂದು ಸನ್ನೆ ಮಾಡಿದರು. ಅತ್ತೆಗೆ ಒಂದು ಮಾತೂ ಕೇಳಿರಲಿಲ್ಲ, ಕೈ ಮಾತ್ರ ಕಂಡಿತು. ಬುತ್ತಿ ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಬಂದರು. "ಹಂಗಲ್ಲ! ಹೆಬ್ಬಟ್ಟು ಮ್ಯಾಲೆ ಇಡ್ರಿ. ಗಾಳಿ ಎಲ್ಲಿಂದ ಬರ್ತೈತಿ, ಮೊದ್ಲು ಅದನ್ನ ನೋಡ್ರಿ," ಎಂದು ಮಂಟಪ ನಡುಗುವ ದನಿಯಲ್ಲಿ ಶುರು ಮಾಡಿದರು. ಕೊನೆಯ ಸಾಲಿನಲ್ಲಿದ್ದ ಮಗುವೂ ತಿರುಗಿತು. ಜನರೆಲ್ಲ ಕೈ ಮುಂದೆ ಚಾಚಿ, ಮುಖಕ್ಕೆ ಗಾಳಿ ಎಲ್ಲಿ ತಾಗುತ್ತದೆ ಎಂದು ಹುಡುಕುತ್ತ ನಿಂತರು.

ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಹೇಳಬೇಕಾದ್ದು ನಾಲಿಗೆಯ ತುದಿಯಲ್ಲೇ ಇತ್ತು. ಸುಮ್ಮನಾದೆ. ಯಾರೂ ಸುಮ್ನಿರ್ರಿ ಎನ್ನಲಿಲ್ಲ, ನಾನೇ ಸುಮ್ಮನಾದೆ. ಅವರ ಸಾಲಿನ ಕೊನೆಗೆ ಹೋಗಿ ನಿಂತು, ನಾಕು ಬೆರಳು ಕೆಳಗೆ, ಹೆಬ್ಬೆರಳು ಮೇಲೆ ಮಾಡಿ ನಾನೂ ಕೈ ಚಾಚಿದೆ.